ಒಳಗಿನಿಂದ ಕಚ್ಚಿದ ತುಕ್ಕು: ಹಳೇ ಜಿಪ್ಸಿಯೊಂದರ ಟ್ಯಾಂಕ್ ಪ್ಲಗ್ ಪ್ರಕರಣ

ಗಾಡಿ ಮಾರುತಿ ಜಿಪ್ಸಿ. 1990ರ ದಶಕದ ನಡುವಿನ ಮಾಡೆಲ್, 970 ಸಿಸಿ ಎಂಜಿನ್, ಕಾರ್ಬ್ಯುರೇಟರು, ಹಿಂಭಾಗದ ನೆಲದಡಿಯಲ್ಲಿ 40 ಲೀಟರಿನ ತಗಡಿನ ಪೆಟ್ರೋಲ್ ಟ್ಯಾಂಕು. ಇಲಾಖೆಯೊಂದರ ಹರಾಜಿನಲ್ಲಿ ಹಿಡಿದದ್ದು. ಮಾಲೀಕರು ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆ ಕಡೆಯ ಅಡಿಕೆ ಬೆಳೆಗಾರರು. ಇಲ್ಲಿ ಗೌಡರು ಎಂದಷ್ಟೇ ಕರೆಯುತ್ತೇನೆ. ಹುಲಿಕಲ್ಲು, ಮಾಸ್ತಿಕಟ್ಟೆ, ಯಡೂರು ಸಾಲಿನ ಮಳೆ ಆಗುಂಬೆಯ ಮಳೆಗೇನೂ ಕಡಿಮೆಯಲ್ಲ. ಈ ಪ್ರಕರಣದಲ್ಲಿ ಆ ಮಳೆಯೂ ಒಬ್ಬ ಕಕ್ಷಿದಾರ, ಆದ್ದರಿಂದ ಮೊದಲೇ ಹೇಳಿದೆ.

ಎರಡು ಮಳೆಗಾಲ ಗಾಡಿ ಕೊಟ್ಟಿಗೆ ಪಕ್ಕದ ಚಪ್ಪರದಡಿ ನಿಂತೇ ಇತ್ತು. ನಿಲ್ಲಿಸಿದಾಗ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಿಮೆ ಪೆಟ್ರೋಲು. ಹದಿನೈದು ವರ್ಷ ದಾಟಿದ ಸ್ವಂತ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಲ್ಲ, ಆ ಗಡುವು ಹತ್ತಿರ ಬಂದಿತ್ತು. ಸಾಗರದ ಆರ್‌ಟಿಓ ಕಚೇರಿಗೆ ಗಾಡಿ ಒಯ್ದು ತೋರಿಸಬೇಕು. ಹೊಸ ಬ್ಯಾಟರಿ ಹಾಕಿದರೆ ಎಂಜಿನ್ ಹಿಡಿಯಿತು. ಆದರೆ ತೋಟದ ಗೇಟು ದಾಟುವ ಮೊದಲೇ ಕೆಮ್ಮಿ ನಿಂತಿತು. ಫಿಲ್ಟರ್ ಬಿಚ್ಚಿದರೆ ತುಂಬ ಕಂದು ಕೆಸರು.

ಊರಿನ ಮೆಕ್ಯಾನಿಕ್ ಟ್ಯಾಂಕು ಖಾಲಿ ಮಾಡಿ ತೊಳೆಯಬೇಕೆಂದು ತೀರ್ಮಾನಿಸಿದ. ತೀರ್ಮಾನ ಸರಿಯೇ. ಪೆಟ್ರೋಲು ಬಸಿದು ತೆಗೆಯಲು ತಳದಲ್ಲಿರುವ ತಿರುಪಿನ ಬಿರಡೆ, ಅಂದರೆ ಡ್ರೇನ್ ಪ್ಲಗ್‌ಗೆ ರಿಂಗ್ ಪಾನಾ ಹಾಕಿದ, ಜಾರಿತು. ಪೈಪ್ ಪಾನಾ ಹಾಕಿ ಅದರ ಹಿಡಿಗೆ ಉದ್ದದ ಪೈಪು ತೂರಿಸಿ ಎಳೆದ, ಪ್ಲಗ್ ಅಲ್ಲಾಡಲಿಲ್ಲ. ಆಮೇಲೆ ಉಳಿ, ಸುತ್ತಿಗೆ. ತಲೆಯ ಮೂಲೆಗಳೆಲ್ಲ ಸವೆದು ದುಂಡಗಾದ ಮೇಲೆ, ಗ್ಯಾಸ್ ತಂದು ಸ್ವಲ್ಪ ಬೆಂಕಿ ತೋರಿಸಿದರೆ ಬಿಟ್ಟುಬಿಡುತ್ತದೆ ಎಂದ. ಬೇರೆ ಜಾಗದ ಜಾಮ್ ಆದ ಬೋಲ್ಟುಗಳಿಗೆ ಎಲ್ಲ ಗ್ಯಾರೇಜಿನವರೂ ಮಾಡುವುದು ಅದನ್ನೇ. ಅಲ್ಲಿಗೆ ಗೌಡರು ಕೆಲಸ ನಿಲ್ಲಿಸಿ ಶಿವಮೊಗ್ಗಕ್ಕೆ ನನಗೆ ಫೋನು ಮಾಡಿದರು.

"ಎಂತ ಮಾಡೂದು ಮೇಸ್ತ್ರಿ? ಪೆಟ್ರೋಲು ಹೆಚ್ಚೇನಿಲ್ಲ ಮಾರಾಯ್ರೆ, ತಳದಲ್ಲಿ ಸ್ವಲ್ಪ ಉಂಟು ಅಷ್ಟೆ."

"ಸ್ವಲ್ಪ ಇರೋದೇ ಕಷ್ಟ ಗೌಡ್ರೇ. ನಾನು ಬರೋವರೆಗೆ ಬೀಡಿ ಹಚ್ಚಿದವರನ್ನ ಗಾಡಿ ಹತ್ರ ಬಿಡಬೇಡಿ."

ಅರ್ಧ ಚಮಚದ ಲೆಕ್ಕ

ಪೆಟ್ರೋಲಿನ ಆವಿ ಗಾಳಿಯಲ್ಲಿ ಸುಮಾರು ಶೇ. 1.4ರಿಂದ 7.6ರವರೆಗೆ ಬೆರೆತಿದ್ದರೆ ಒಂದು ಕಿಡಿಗೆ ಸಿಡಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಆವಿ ಸಾಲದು, ಹೆಚ್ಚಾದರೆ ಗಾಳಿ ಸಾಲದು. ತುಂಬಿದ ಟ್ಯಾಂಕಿನ ಮೇಲ್ಭಾಗದಲ್ಲಿ ಉಳಿದ ಚೂರು ಜಾಗದಲ್ಲಿ ಆವಿ ಸಾಮಾನ್ಯವಾಗಿ ಮೇಲಿನ ಮಿತಿ ದಾಟಿಯೇ ಇರುತ್ತದೆ. ಖಾಲಿಯಾದ ಟ್ಯಾಂಕೇ ಸಿಡಿಯುವ ಹದಕ್ಕೆ ಬರುವುದು. 40 ಲೀಟರಿನ ಟ್ಯಾಂಕಿಗೆ ಲೆಕ್ಕ ಹಾಕಿ: ಕೆಳಗಿನ ಮಿತಿ ಮುಟ್ಟಲು ಅರ್ಧ ಲೀಟರಿಗಿಂತ ತುಸು ಹೆಚ್ಚು ಆವಿ ಸಾಕು. ಅಷ್ಟು ಆವಿಗೆ ಬೇಕಾದ ಪೆಟ್ರೋಲು ಸುಮಾರು 3 ಮಿ.ಲೀ., ಅಂದರೆ ಟೀ ಚಮಚದಲ್ಲಿ ಅರ್ಧ. ಟ್ಯಾಂಕಿನ ಮಡಿಕೆಗಳಲ್ಲಿ, ತುಕ್ಕಿನ ಪದರದ ಸಂದಿಯಲ್ಲಿ, ಎಷ್ಟು ಬಗ್ಗಿಸಿ ಸುರಿದರೂ ಅಷ್ಟು ಉಳಿದೇ ಉಳಿಯುತ್ತದೆ. "ಖಾಲಿ ಮಾಡಿದ್ದೇವೆ, ಈಗ ಗ್ಯಾಸ್ ಹಾಕಬಹುದು" ಎನ್ನುವವರಿಗೆ ನಾನು ಈ ಅರ್ಧ ಚಮಚದ ಲೆಕ್ಕ ಹೇಳುವುದು ರೂಢಿ.

ಇನ್ನೊಂದು ತೊಂದರೆ, ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಹೋಗದೆ ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತದೆ. ಗೌಡರ ಮನೆಯ ಚಪ್ಪರ ಎತ್ತರದಲ್ಲಿ, ಅಂಗಳ ಅದರ ಕೆಳಗೆ, ಅಂಗಳದ ಕೊನೆಗೆ ಬಚ್ಚಲು. ಮಲೆನಾಡಿನ ಬಚ್ಚಲ ಒಲೆ ಆರುವುದು ಯಾವಾಗ? ಉರಿ ಇಲ್ಲದಿದ್ದರೂ ಬೂದಿಯಡಿಯಲ್ಲಿ ಕೆಂಡ ಇದ್ದೇ ಇರುತ್ತದೆ. ಸಾಲದ್ದಕ್ಕೆ ದೀಪಾವಳಿ ಎದುರಿಗಿತ್ತು, ಮನೆ ತುಂಬ ಪಟಾಕಿ ಹಿಡಿದ ಹುಡುಗರು. ಹಬ್ಬ ಮುಗಿಯುವವರೆಗೆ ಗಾಡಿ ಮುಟ್ಟುವುದು ಬೇಡವೆಂದು ಮಾತಾಯಿತು. ಆಮೇಲೂ ಗಾಡಿಯನ್ನು ಮನೆಯಿಂದಾಚೆ, ಗಾಳಿ ಆಡುವ ರಸ್ತೆಯಂಚಿಗೆ ತಳ್ಳಿಕೊಂಡು ಹೋಗಿಯೇ ಕೆಲಸ ಶುರು ಮಾಡಿದ್ದು. ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ ಪೆಟ್ರೋಲ್ ಇಳಿಸುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಆವಿ ಆ ಗುಂಡಿಗೆ ಇಳಿದು ಕೂರುತ್ತದೆ.

ಕೆಳಗೆ ಕಂಡದ್ದು

ಬ್ಯಾಟರಿಯ ಅರ್ತ್ ತಂತಿ ಬಿಚ್ಚಿ, ಬಲ್ಬಿನ ಹ್ಯಾಂಡ್ ಲ್ಯಾಂಪ್ ಬದಲು ಟಾರ್ಚನ್ನು ದೂರದಲ್ಲೇ ಹೊತ್ತಿಸಿ ತಂದು ಮಲಗಿ ನೋಡಿದೆ. ಜಿಪ್ಸಿಯ ಟ್ಯಾಂಕಿಗೆ ಕೆಳಗೊಂದು ಗಾರ್ಡ್ ತಗಡು ಇರುತ್ತದೆ, ಕಾಡುದಾರಿಯಲ್ಲಿ ಕಲ್ಲು ಹೊಡೆಯದ ಹಾಗೆ. ಅದನ್ನು ಇಳಿಸಿದಾಗ ಗಾರ್ಡಿಗೂ ಟ್ಯಾಂಕಿಗೂ ನಡುವೆ ಕೆಂಪು ಮಣ್ಣು, ಅಡಿಕೆ ಸೋಗೆಯ ನಾರು, ಕೊಳೆತ ಎಲೆ ಎಲ್ಲ ಒತ್ತಿಕೊಂಡು ಗಟ್ಟಿಯಾದ ಒಂದು ಹೆಂಟೆಯೇ ಕಳಚಿ ಬಿತ್ತು. ಮಳೆ ನಿಂತು ಎಷ್ಟೋ ದಿನವಾಗಿತ್ತು, ಆದರೂ ಅದು ಕೈಗೆ ತಣ್ಣಗೆ ತಾಗಿತು. ನೀರು ಬಸಿಯಲೆಂದು ಗಾರ್ಡಿನಲ್ಲಿ ಬಿಟ್ಟಿದ್ದ ತೂತುಗಳೆಲ್ಲ ಮುಚ್ಚಿಹೋಗಿದ್ದವು.

ನನ್ನನ್ನು ಚಿಂತೆಗೆ ಹಚ್ಚಿದ್ದು ಪ್ಲಗ್ಗಿನ ತಲೆ ಅಲ್ಲ. ಪ್ಲಗ್ ಕೂರುವುದಕ್ಕೆಂದು ಟ್ಯಾಂಕಿನ ತಗಡಿಗೆ ಬೆಸೆದ ದಪ್ಪ ಬುಷ್, ಅಂದರೆ ನಡುವೆ ತೂತಿರುವ ಉಕ್ಕಿನ ತುಂಡು ಒಂದಿದೆ. ಥ್ರೆಡ್, ಅಂದರೆ ತಿರುಪಿನ ಸುತ್ತು ಇರುವುದು ಅದರೊಳಗೆ. ಟ್ಯಾಂಕಿನ ತಗಡಾದರೋ ಒಂದು ಮಿಲಿಮೀಟರಿನ ಆಸುಪಾಸು. ಬುಷ್ಷಿನ ಸುತ್ತ ಬೆರಳಾಡಿಸಿದರೆ ತಗಡಿನಲ್ಲಿ ಓರೆಯಾಗಿ ಎದ್ದ ಸಣ್ಣ ಸುಕ್ಕುಗಳು ಉಗುರಿಗೆ ತಾಗುತ್ತಿದ್ದವು. ಪೈಪ್ ಹಾಕಿ ಎಳೆದ ಬಲವನ್ನು ಪ್ಲಗ್ ತಿನ್ನಲಿಲ್ಲ, ತಗಡು ತಿಂದಿತ್ತು. ಬುಷ್ಷಿನ ಒಂದು ಪಕ್ಕ ಒದ್ದೆ ಒದ್ದೆ, ಪೆಟ್ರೋಲಿನ ವಾಸನೆ. ಇನ್ನೊಂದು ಜಗ್ಗು ಜಗ್ಗಿದ್ದರೆ ಬುಷ್ ಕಿತ್ತು ಬರುತ್ತಿತ್ತು. ಜಿಪ್ಸಿ ತಯಾರಾಗುವುದೇ ನಿಂತುಹೋಗಿದೆ, ಆ ಟ್ಯಾಂಕು ಇನ್ನು ಸಲೀಸಾಗಿ ಸಿಗುವ ಮಾಲಲ್ಲ. ಪ್ಲಗ್ ಹೋದರೆ ಹೋಗಲಿ, ಬುಷ್ ಉಳಿಯಬೇಕು. ಮುಂದಿನದೆಲ್ಲ ಈ ಒಂದು ಮಾತಿನ ಮೇಲೆ ನಿಂತಿತು.

ಮನೆಯಲ್ಲಿ ಉಗುರುಬಣ್ಣ ಇದೆಯೇ ಎಂದು ಕೇಳಿ ತರಿಸಿದೆ. ಪ್ಲಗ್ಗಿನ ತಲೆಯಿಂದ ಬುಷ್ಷಿನ ಮೇಲೆ ಹಾಯ್ದು ತಗಡಿನವರೆಗೆ ಒಂದು ನೇರ ಗೆರೆ ಎಳೆದೆ. ತಿರುಗಿಸುವಾಗ ಗೆರೆ ಪ್ಲಗ್ಗಿಗೂ ಬುಷ್ಷಿಗೂ ನಡುವೆ ತುಂಡಾದರೆ ಕೆಲಸ ಆಗುತ್ತಿದೆ. ಬುಷ್ಷಿಗೂ ತಗಡಿಗೂ ನಡುವೆ ತುಂಡಾದರೆ ಪಾನಾ ಕೆಳಗಿಡಬೇಕು. ಕಣ್ಣಿಗೆ ಕಾಣುವುದಕ್ಕಿಂತ ಮೊದಲೇ ಕೈಗೆ ಗೊತ್ತಾಗುತ್ತದೆ ಎನ್ನುವ ಹಳಬರಿದ್ದಾರೆ. ನನಗೆ ಗೆರೆಯ ಮೇಲೇ ನಂಬಿಕೆ ಜಾಸ್ತಿ.

ಪ್ಲಗ್ ಬಿಟ್ಟುಬಿಡೋಣ

ಪ್ಲಗ್ ಬಿಚ್ಚಬೇಕಾಗಿದ್ದದ್ದು ಪೆಟ್ರೋಲ್ ಇಳಿಸುವುದಕ್ಕೆ. ಪೆಟ್ರೋಲ್ ಮೇಲಿನಿಂದಲೂ ಬರುತ್ತದಲ್ಲ. ಕೈಯಲ್ಲಿ ಹಿಸುಕುವ ರಬ್ಬರ್ ಪಂಪಿನ ಪೈಪನ್ನು ಹಾಕಿ, ನೆಲದ ಮೇಲಿಟ್ಟ ತಗಡಿನ ಡಬ್ಬಕ್ಕೆ ನಿಧಾನವಾಗಿ ಇಳಿಸಿದೆವು. ಗೌಡರ ಆಳು ಬಾಯಲ್ಲಿ ಎಳೆಯಲು ತಯಾರಾಗಿ ಬಂದಿದ್ದ, ಬೇಡವೆಂದೆ. ಪೆಟ್ರೋಲು ಹೊಟ್ಟೆಗೆ ಹೋಗುವುದಕ್ಕಿಂತ ಕೆಮ್ಮಿ ಶ್ವಾಸಕೋಶಕ್ಕೆ ಇಳಿಯುವುದೇ ಹೆಚ್ಚು ಅಪಾಯ.

ಇಳಿಸಿದ್ದರಲ್ಲಿ ಕೊನೆಯದನ್ನು ಗಾಜಿನ ಭರಣಿಯಲ್ಲಿ ಹಿಡಿದು ಇಟ್ಟೆ. ಸ್ವಲ್ಪ ಹೊತ್ತಿಗೆ ಎರಡು ಪದರ. ಮೇಲೆ ಹಳದಿ ತಿರುಗಿದ ಹಳೇ ಪೆಟ್ರೋಲು, ಕೆಳಗೆ ಬೇರೆಯೇ ಒಂದು ಮಬ್ಬು ದ್ರವ, ಅದರಡಿ ಕಂದು ಗಸಿ. ಕೆಳಗಿನದು ನೀರು ಕುಡಿದ ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ-20, ಅಂದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲು ಈಗ ಎಲ್ಲ ಕಡೆ ಬರುತ್ತಿದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಓಡುತ್ತಿರುವ ಗಾಡಿಯಲ್ಲಿ ಅದು ಅಷ್ಟಷ್ಟೇ ಉರಿದು ಹೋಗುತ್ತದೆ. ನಿಂತ ಗಾಡಿಯಲ್ಲಿ, ಅದೂ ಅರ್ಧ ಖಾಲಿ ಟ್ಯಾಂಕಿನಲ್ಲಿ, ಹಗಲು ಕಾದು ರಾತ್ರಿ ತಣಿಯುವಾಗೆಲ್ಲ ಮಳೆಗಾಲದ ಒದ್ದೆ ಗಾಳಿ ಒಳಗೆ ಬಂದು ಹೋಗಿ ಮಾಡುತ್ತದೆ. ನೀರು ಒಂದು ಮಿತಿ ದಾಟಿದ ಮೇಲೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಆ ತಳದಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಯಾವುದು? ಡ್ರೇನ್ ಪ್ಲಗ್.

ಭರಣಿ ನೋಡಿದ ಮೇಲೆ ಪ್ರಕರಣ ನನಗೆ ತಿರುವುಮುರುವಾಗಿ ಕಾಣಿಸಿತು. ಎಲ್ಲರೂ ತುಕ್ಕಿನ ಎಣ್ಣೆಯನ್ನು ಹೊರಗಿನಿಂದ ಹೊಡೆದಿದ್ದರು, ಹೊರಗಿನಿಂದ ಬಡಿದಿದ್ದರು. ಪ್ಲಗ್ ಹಿಡಿದುಕೊಂಡದ್ದು ಒಳತುದಿಯಲ್ಲಿ. ಎರಡು ವರ್ಷ ನೀರು ಕೂತದ್ದು ಅಲ್ಲಿ. ಹೊರಗಿನ ಎಣ್ಣೆ ವಾಷರನ್ನೂ ಥ್ರೆಡ್ಡನ್ನೂ ದಾಟಿ ಅಲ್ಲಿಗೆ ಮುಟ್ಟುವುದೇ ಅನುಮಾನ. ಔಷಧ ಒಳಗಿನಿಂದ ಹೋಗಬೇಕು, ಅದಕ್ಕೆ ಟ್ಯಾಂಕು ಇಳಿಯಬೇಕು.

ಟ್ಯಾಂಕು ಇಳಿಸಿದ್ದರಲ್ಲಿ ಹೇಳುವಂಥದ್ದೇನಿಲ್ಲ, ಒಂದು ಮಾತು ಬಿಟ್ಟರೆ: ಹಳೇ ರಬ್ಬರ್ ಹೋಸುಗಳನ್ನು ಎಳೆದು ತೆಗೆಯಲಿಲ್ಲ, ಬ್ಲೇಡಿನಲ್ಲಿ ಸೀಳಿ ತೆಗೆದೆವು. ಎಳೆದರೆ ಅವು ಕೂತ ಸಣ್ಣ ತಗಡು ಪೈಪುಗಳು ಬೆಸುಗೆಯ ಬುಡದಲ್ಲಿ ಬಿರಿಯುತ್ತವೆ. ಹೇಗೂ ಎಲ್ಲ ಹೋಸೂ ಬಿರುಕು ಬಿಟ್ಟಿದ್ದವು. ಪೆಟ್ರೋಲ್ ಹಾಕುವ ಬಾಯಿಂದ ಬರುವ ದಪ್ಪ ಹೋಸಂತೂ ಬಗ್ಗಿಸಿದರೆ ಒಳಗಿನ ನೂಲು ಕಾಣುತ್ತಿತ್ತು.

ಅಬ್ಬಿ ನೀರು, ಹಂಡೆ ನೀರು

ಟ್ಯಾಂಕು ತೊಳೆಯುವುದಕ್ಕೆ ಶಿವಮೊಗ್ಗದ ಗ್ಯಾರೇಜುಗಳಿರುವ ಆಟೋ ಕಾಂಪ್ಲೆಕ್ಸಿಗಿಂತ ಮಲೆನಾಡ ಮನೆಯೇ ವಾಸಿ. ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರಿಗೆ ಮೋಟಾರೂ ಬೇಡ, ಬಿಲ್ಲೂ ಬರುವುದಿಲ್ಲ. ಮೊದಲು ಸೋಪಿನ ಪುಡಿ ಬೆರೆಸಿದ ತಣ್ಣೀರಿನಲ್ಲಿ ಕುಲುಕಿ ತೊಳೆದು, ಆ ನೀರನ್ನೆಲ್ಲ ಡ್ರಮ್ಮಿಗೆ ಹಿಡಿದೆವು. ತೋಟದ ಕಾಲುವೆಗೆ ಬಿಟ್ಟರೆ ಅದು ನೇರ ಹಳ್ಳಕ್ಕೆ ಹೋಗುತ್ತದೆ. ವಾಸನೆ ಹೋದ ಮೇಲೆ ಪೈಪನ್ನು ಟ್ಯಾಂಕಿನ ಬಾಯಿಗಿಟ್ಟು ರಾತ್ರಿಯಿಡೀ ತುಂಬಿ ಹರಿಯಲು ಬಿಟ್ಟೆ. ಪೆಟ್ರೋಲಿನ ಆವಿಯನ್ನು ಹೊರಗೋಡಿಸಲು ನೀರು ತುಂಬಿಸುವುದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಬೆಳಿಗ್ಗೆ ಬಚ್ಚಲ ಹಂಡೆಯಿಂದ ಕುದಿ ಬಂದ ನೀರನ್ನು ಕೊಡಪಾನದಲ್ಲಿ ಟ್ಯಾಂಕಿದ್ದಲ್ಲಿಗೆ ತಂದು ಹೊಯ್ದೆವು. ಟ್ಯಾಂಕನ್ನು ಬಚ್ಚಲಿಗೆ ಒಯ್ಯಲಿಲ್ಲ. ತಣ್ಣೀರಿನಲ್ಲಿ ತೊಳೆಯದೆ ಮೊದಲೇ ಬಿಸಿನೀರು ಹೊಯ್ದರೆ ಉಳಿದ ಪೆಟ್ರೋಲೆಲ್ಲ ಒಮ್ಮೆಗೇ ಆವಿಯಾಗುತ್ತದೆ, ಆ ಕ್ರಮ ತಪ್ಪಬಾರದು. ಬಿಸಿನೀರು ಹೊಯ್ದು ಬುಷ್ ಕಾದ ಮೇಲೆ ಹೊರಗಿನಿಂದ ಅಬ್ಬಿ ನೀರು ಬಿಡುವುದು, ಮತ್ತೆ ಬಿಸಿ. ಪ್ಲಗ್ಗೂ ಉಕ್ಕು, ಬುಷ್ಷೂ ಉಕ್ಕು, ಹಿಗ್ಗುವುದು ಒಂದೇ ಅಳತೆಯಲ್ಲಿ. ಆದರೆ ಒಂದು ಬೇಗ ಕಾಯುತ್ತದೆ, ಒಂದು ತಡವಾಗಿ. ಆ ಒಂದು ಗಳಿಗೆಯ ವ್ಯತ್ಯಾಸದಲ್ಲಿ ತುಕ್ಕಿನ ಹಿಡಿತ ಅಲ್ಲಲ್ಲಿ ಬಿರಿಯುತ್ತದೆ. ಗ್ಯಾಸ್ ಬೆಂಕಿಯ ಕೆಲಸದ ಪುಟ್ಟ ಪಾಲು ಇದು, ಸ್ಫೋಟದ ಭಯ ಕಳೆದು.

ಆಮೇಲೆ ಸಿಟ್ರಿಕ್ ಆ್ಯಸಿಡ್ ಪುಡಿ. ಬಿಸಿನೀರಿನಲ್ಲಿ ಕರಗಿಸಿ, ಪ್ಲಗ್ ಮುಳುಗುವಷ್ಟಕ್ಕೆ ಮಾತ್ರವಲ್ಲ, ಇಡೀ ಟ್ಯಾಂಕಿಗೆ ತುಂಬಿಸಿದೆವು; ಒಳಗಿನ ತುಕ್ಕೂ ಹೋಗಬೇಕಿತ್ತಲ್ಲ. ಪೆಟ್ರೋಲಿನ ಮಟ್ಟವನ್ನು ಗೇಜಿಗೆ ತಿಳಿಸುವ ಫ್ಲೋಟಿನ ಸೆಂಡರ್ ಬಿಚ್ಚಿ ಆ ಬಾಯಿಯನ್ನು ತೆರೆದೇ ಇಟ್ಟಿದ್ದೆ. ಆಮ್ಲ ತುಕ್ಕು ತಿಂದು ಮುಗಿಸಿ ಉಕ್ಕಿಗೆ ಬಾಯಿ ಹಾಕಿದಾಗ ಸಣ್ಣ ಗುಳ್ಳೆಗಳಲ್ಲಿ ಹೈಡ್ರೋಜನ್ ಬಿಡುತ್ತದೆ, ಮುಚ್ಚಳ ಬಿಗಿದಿಡುವ ಹಾಗಿಲ್ಲ, ಹತ್ತಿರ ಬೆಂಕಿಯೂ ಇರಕೂಡದು. ನೀರು ಕಪ್ಪಗಾಗುತ್ತ ಬಂದಾಗ ಚೆಲ್ಲಿ, ಅಡುಗೆ ಸೋಡ ಕರಗಿಸಿದ ನೀರಿನಲ್ಲಿ ತೊಳೆದು ಒಣಗಿಸಿದೆವು. ಅಡಿಕೆ ಡ್ರೈಯರಿನಲ್ಲಿಟ್ಟರೆ ಬೇಗ ಒಣಗುತ್ತದೆ ಎಂದರು ಗೌಡರು. ಸೌದೆ ಉರಿಯುವ ಡ್ರೈಯರಿಗೆ ಪೆಟ್ರೋಲ್ ಟ್ಯಾಂಕು ಒಯ್ಯುವುದು, ಎಷ್ಟೇ ತೊಳೆದಿರಲಿ, ನನ್ನಿಂದಾಗದು. ಬಿಸಿಲಿಗಿಟ್ಟೆವು.

ಕೊನೆಗೆ ಗೇರ್ ಆಯಿಲ್ ಬೆರೆಸಿದ ಡೀಸೆಲ್ಲನ್ನು ಒಳಗೆ ಹೊಯ್ದು ಟ್ಯಾಂಕನ್ನು ಗಾಡಿಯಲ್ಲಿದ್ದ ಹಾಗೇ ಇಟ್ಟೆ. ಎಣ್ಣೆ ತಾನಾಗಿ ಪ್ಲಗ್ಗಿನ ಮೇಲೆ ಹೋಗಿ ನಿಂತಿತು. ದಿನಾ ಹಿತ್ತಾಳೆ ಸಲಾಕೆಯಿಂದ ತಲೆಯ ಮೇಲೆ ಮೆಲ್ಲಗೆ ತಟ್ಟಲು ಗೌಡರ ಮಗನಿಗೆ ಹೇಳಿ ನಾನು ಶಿವಮೊಗ್ಗಕ್ಕೆ ಬಂದೆ.

ಲೇತ್ ಅಂಗಡಿಯಲ್ಲಿ

ಅಡಿಕೆ ಹೊತ್ತು ಬಂದ ಪಿಕಪ್ಪಿನಲ್ಲೇ ಟ್ಯಾಂಕು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಬಂತು. ಇಲ್ಲಿಂದಾಚೆ ಬೇಕಾಗಿದ್ದದ್ದು ಬುಷ್ಷನ್ನು ಹಿಡಿಯುವ ಉಪಾಯ. ಬುಷ್ ತಗಡಿನಿಂದ ಕೆಲವು ಮಿಲಿಮೀಟರ್ ಹೊರಗೆ ಚಾಚಿತ್ತು. ಪರಿಚಯದ ಲೇತ್ ಸಾಬರಿಗೆ ಅಳತೆ ಕೊಟ್ಟೆ. ಅವರು ಉಕ್ಕಿನ ತುಂಡಿನಲ್ಲಿ ಎರಡು ಹೋಳಿನ ಬಳೆಯೊಂದನ್ನು ಕಡೆದು, ಬುಷ್ಷಿನ ಸುತ್ತ ಕೂರಿಸಿ ಬೋಲ್ಟಿನಿಂದ ಬಿಗಿಯುವ ಹಾಗೆ ಮಾಡಿಕೊಟ್ಟರು, ಪಕ್ಕಕ್ಕೊಂದು ಉದ್ದ ಹಿಡಿ. ಆ ಹಿಡಿಯನ್ನು ಒಬ್ಬ ಒಂದು ಕಡೆಗೆ ಒತ್ತಿ ಹಿಡಿದರೆ, ಪಾನಾದ ಬಲ ಬಳೆಗೆ ಹೋಗುತ್ತದೆ, ತಗಡಿಗೆ ಹೋಗುವುದಿಲ್ಲ. ಇಡೀ ರಿಪೇರಿಯಲ್ಲಿ ದುಡ್ಡು ಕೊಟ್ಟದ್ದಕ್ಕೆ ಸಾರ್ಥಕವಾಯಿತು ಅನ್ನಿಸಿದ್ದು ಈ ಬಳೆಗೆ.

ಪ್ಲಗ್ಗಿನ ತಲೆ 17 ಮಿ.ಮೀ. ಪಾನಾದ್ದು, ಈಗ ಯಾವ ಪಾನಾಕ್ಕೂ ಸಿಗದ ದುಂಡು. ನಟ್ ವೆಲ್ಡ್ ಮಾಡೋಣವೇ ಎಂದು ಸಾಬರು ಕೇಳಿದರು, ಬೇಡವೆಂದೆ. ಒಳಗೆ ಡೀಸೆಲ್ ಎಣ್ಣೆ ಇತ್ತು. ಅರ ಹಿಡಿದು ಆರೂ ಮುಖವನ್ನು ಸಮವಾಗಿ ಉಜ್ಜಿ ಚಿಕ್ಕದು ಮಾಡುವುದೇ ಸರಿ. 16ರ ಪಾನಾ ನಮ್ಮ ಗ್ಯಾರೇಜುಗಳಲ್ಲಿ ಅಪರೂಪ. ಆದರೆ ಅಂಬಾಸಿಡರ್ ಕಾಲದ ಇಂಚಿನ ಬಾಕ್ಸ್ ಪಾನಾಗಳು ಸಾಬರ ಪೆಟ್ಟಿಗೆಯಲ್ಲಿ ಇನ್ನೂ ಇದ್ದವು. ಐದು-ಬೈ-ಎಂಟು ಇಂಚು ಅಂದರೆ 15.9 ಮಿ.ಮೀ. ಮುಖಕ್ಕೆ ಅರ್ಧ ಮಿಲಿಮೀಟರಿನಷ್ಟು ಉಜ್ಜಿ, ಆರು ಮೂಲೆಯ ಆ ಬಾಕ್ಸನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿದೆವು. ಹನ್ನೆರಡು ಮೂಲೆಯದು ಇಂಥ ಕಡೆ ಉಪಯೋಗಕ್ಕಿಲ್ಲ, ಅದು ಮೂಲೆಯನ್ನಷ್ಟೇ ಹಿಡಿಯುತ್ತದೆ.

ಎಣ್ಣೆ ಬಸಿದು, ಟ್ಯಾಂಕು ಮಗುಚಿ, ಮೊದಲು ಬಿಗಿಯುವ ಕಡೆಗೆ ಒಂದು ಕೂದಲಷ್ಟು. ಆಮೇಲೆ ಬಿಚ್ಚುವ ಕಡೆಗೆ, ಜಗ್ಗದೆ, ಮೈಭಾರವನ್ನು ನಿಧಾನಕ್ಕೆ ಬಿಡುತ್ತ. "ಕಿರ್" ಎಂದಿತು. ನೋಡಿದರೆ ಉಗುರುಬಣ್ಣದ ಗೆರೆ ಪ್ಲಗ್ಗಿಗೂ ಬುಷ್ಷಿಗೂ ನಡುವೆ ತುಂಡಾಗಿತ್ತು, ತಗಡಿನ ಮೇಲಿನ ಗೆರೆ ನೇರವಾಗೇ ಇತ್ತು. ಒಂದಿಷ್ಟು ಬಿಚ್ಚುವುದು, ಎಣ್ಣೆ ಬಿಡುವುದು, ಹಿಂದಕ್ಕೆ ತಿರುಗಿಸುವುದು, ಮತ್ತೆ ಬಿಚ್ಚುವುದು. ಒಂದೇ ಉಸಿರಿಗೆ ತೆಗೆಯಲು ಹೋದರೆ ಉದುರಿದ ತುಕ್ಕಿನ ಪುಡಿ ಥ್ರೆಡ್ಡಿನ ನಡುವೆ ಸಿಕ್ಕಿ ಮತ್ತೆ ಕಚ್ಚುತ್ತದೆ. ಬರದಿದ್ದರೆ ಟ್ಯಾಂಕಿಗೆ ನೀರು ತುಂಬಿಸಿ ಪ್ಲಗ್ಗನ್ನು ನಡುವಿನಿಂದ ಕೊರೆದು ತೆಳ್ಳಗೆ ಮಾಡಿ ಒಳಕ್ಕೆ ಮಡಿಚುವ ಯೋಚನೆ ಇತ್ತು, ಅದರ ಅಗತ್ಯ ಬೀಳಲಿಲ್ಲ.

ಹೊರಬಂದ ಪ್ಲಗ್ಗನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದೆ. ತಲೆಯ ಬುಡದ ಕಡೆ ಥ್ರೆಡ್ ಹೊಸದರಂತೆ ಹೊಳೆಯುತ್ತಿತ್ತು. ತುದಿಯ ಎರಡು ಸುತ್ತು ಮಾತ್ರ ಊದಿದ ತುಕ್ಕಿನಲ್ಲಿ ಹುದುಗಿ, ಆಕಾರವೇ ಕಳೆದುಕೊಂಡಿದ್ದವು. ಹೊರಗಿನ ಅಷ್ಟೂ ಮಣ್ಣು, ಮಳೆಗೆ ತಾಮ್ರದ ವಾಷರ್ ಅಡ್ಡ ನಿಂತಿತ್ತು.

ಕೂಡಿಸಿದ್ದು

ಥ್ರೆಡ್ ಕೊರೆಯುವ ಟ್ಯಾಪ್ ಉಪಕರಣದಿಂದ ಬುಷ್ಷಿನ ಥ್ರೆಡ್ ಶುದ್ಧ ಮಾಡಿದ ಮೇಲೆ ಹೊಸ ಪ್ಲಗ್ಗಿನ ಮಾತು ಬಂತು. ಸಾಬರು ಹಿತ್ತಾಳೆಯದು ಕಡೆದುಕೊಡಲು ತಯಾರಿದ್ದರು.

"ಹಿತ್ತಾಳೆ ಹಾಕಿ ಮೇಸ್ತ್ರಿ, ಇನ್ನು ಜನ್ಮದಲ್ಲಿ ಜಾಮ್ ಆಗಲ್ಲ."

"ಪ್ಲಗ್ ಜಾಮ್ ಆಗಲ್ಲ ಸಾಬ್ರೇ, ಬುಷ್ ಸವೀತದೆ."

ನೀರು ನಿಲ್ಲುವ ಜಾಗದಲ್ಲಿ ಹಿತ್ತಾಳೆಯೂ ಉಕ್ಕೂ ತಾಗಿಕೊಂಡಿದ್ದರೆ ಕರಗುವುದು ಉಕ್ಕು. ಸಿಗದ ಬುಷ್ಷನ್ನು ಬಲಿಕೊಟ್ಟು ಸಿಗುವ ಪ್ಲಗ್ಗನ್ನು ಕಾಪಾಡುವುದು ಯಾವ ಲೆಕ್ಕ? ಉಕ್ಕಿನದನ್ನೇ ಕಡೆಸಿದೆ. ತಾಮ್ರದ ಹೊಸ ವಾಷರ್, ಥ್ರೆಡ್ಡಿಗೆ ಗ್ರಾಫೈಟ್ ಗ್ರೀಸಿನ ಲೇಪ. ಬಿಳಿ ಟೇಪು ಸುತ್ತಲಿಲ್ಲ. ಇಲ್ಲಿ ಸೋರದ ಹಾಗೆ ತಡೆಯುವುದು ವಾಷರು, ಟೇಪಿನ ಚೂರು ಹರಿದು ಪೆಟ್ರೋಲ್ ಪೈಪಿಗೆ ಸೇರುವುದೊಂದೇ ಅದರ ಲಾಭ.

ಒದ್ದೆಯಾಗಿದ್ದ ಬುಷ್ಷಿನ ಪಕ್ಕ ಉಳಿದಿತ್ತು. ಬಾಯಿಗಳನ್ನೆಲ್ಲ ಮುಚ್ಚಿ ಸೈಕಲ್ ಪಂಪಿನಲ್ಲಿ ಒಂದಿಷ್ಟೇ ಗಾಳಿ ಕೊಟ್ಟು ಸೋಪಿನ ನೊರೆ ಹಚ್ಚಿದರೆ, ಬೆಸುಗೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಸಾಲು ಎದ್ದಿತು. ಕಂಪ್ರೆಸರ್ ಗಾಳಿ ನೇರ ಬಿಟ್ಟಿದ್ದರೆ ಟ್ಯಾಂಕೇ ಉಬ್ಬುತ್ತಿತ್ತು. ಒಳಗಿನ ಡೀಸೆಲ್ ಜಿಡ್ಡನ್ನು ಮತ್ತೆ ಸೋಪು ನೀರಿನಲ್ಲಿ ತೆಗೆದು, ರೇಡಿಯೇಟರ್ ರಿಪೇರಿಯವರಲ್ಲಿಗೆ ಒಯ್ದೆ. ಬುಷ್ ಮೇಲೆ ಬರುವಂತೆ ಮಗುಚಿ, ಅದರ ಬುಡದವರೆಗೂ ನೀರು ತುಂಬಿಸಿ, ದೂರದಲ್ಲಿ ಕಾಯಿಸಿ ತಂದ ಸಾಲ್ಡರಿಂಗ್ ಸಲಾಕೆಯಿಂದ ಅಂಚಿಗೆ ಸುತ್ತ ಸೀಸದ ಬೆಸುಗೆ ಕೊಟ್ಟರು. ಆ ಕಾಲದ ಟ್ಯಾಂಕಿನ ತಗಡಿಗೆ ಸೀಸ, ತವರದ ಲೇಪವೇ ಇರುತ್ತಿದ್ದುದರಿಂದ ಬೆಸುಗೆ ಸಲೀಸಾಗಿ ಹಿಡಿಯುತ್ತದೆ. ಮತ್ತೆ ನೊರೆ ಹಚ್ಚಿದಾಗ ಗುಳ್ಳೆ ಏಳಲಿಲ್ಲ.

ಮಾಸ್ತಿಕಟ್ಟೆಯಲ್ಲಿ ಟ್ಯಾಂಕು ಏರಿಸಿ, ಎಥನಾಲ್ ತಡೆಯುವ ಹೊಸ ಹೋಸುಗಳು, ಹೊಸ ಕ್ಲಿಪ್ಪು, ಹೊಸ ಫಿಲ್ಟರ್ ಹಾಕಿದೆವು. ಗಾರ್ಡಿನ ತೂತುಗಳನ್ನು ಬಿಡಿಸಿ ಬಣ್ಣ ಹೊಡೆದು ಕೂರಿಸಲಾಯಿತು. ಮೊದಲು ಐದು ಲೀಟರ್ ಪೆಟ್ರೋಲ್ ಹಾಕಿ ಪ್ಲಗ್ಗಿನಡಿ ಒಣ ಕಾಗದ ಇಟ್ಟು ರಾತ್ರಿ ಬಿಟ್ಟು, ಬೆಳಿಗ್ಗೆ ಕಾಗದ ಒಣಗೇ ಇದ್ದದ್ದು ನೋಡಿ ಟ್ಯಾಂಕು ತುಂಬಿಸಲು ಹೇಳಿದೆ. ಕಾರ್ಬ್ಯುರೇಟರ್ ತೊಳೆಯುವ ಕೆಲಸವನ್ನು ಊರಿನ ಮೆಕ್ಯಾನಿಕ್ಕೇ ಮಾಡಿದ, ಅದರಲ್ಲಿ ಅವನ ಕೈ ನನ್ನದಕ್ಕಿಂತ ಚುರುಕು. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಒಂದೋ ಟ್ಯಾಂಕು ಪೂರ್ತಿ ತುಂಬಿಸಿಡಿ, ಇಲ್ಲವೇ ಪೂರ್ತಿ ಇಳಿಸಿಡಿ, ಮಳೆ ಬಿಟ್ಟ ಮೇಲೆ ಪ್ಲಗ್ ಬಿಚ್ಚಿ ತಳದ ನೀರು ನೋಡಿ ಎಂದು ಗೌಡರಿಗೆ ಹೇಳಿದ್ದೇನೆ. ಈಗ ಅದು ಕೈಪಾನಾಕ್ಕೆ ಬಿಚ್ಚುತ್ತದೆ.

ಗಾಡಿ ಸಾಗರಕ್ಕೆ ಹೋಗಿ ಆರ್‌ಸಿ ನವೀಕರಣವೂ ಆಯಿತು. ಪೆಟ್ರೋಲಿನ ಗೇಜ್ ಮಾತ್ರ ಅರ್ಧದ ಮೇಲೆ ಏರುತ್ತಿಲ್ಲ. ಸೆಂಡರಿನ ಸುರುಳಿ ತುಕ್ಕು ಹಿಡಿದಿದೆ, ಶಿವಮೊಗ್ಗದ ಅಂಗಡಿಗಳಲ್ಲಿ ಆ ಮಾಡೆಲಿನದು ಸಿಕ್ಕಿಲ್ಲ. ಸದ್ಯಕ್ಕೆ ಗೌಡರು ಕಿಲೋಮೀಟರ್ ಬರೆದಿಟ್ಟುಕೊಂಡು ಪೆಟ್ರೋಲ್ ಹಾಕಿಸುತ್ತಿದ್ದಾರೆ.